ನಲವತ್ತೆಂಟು ದಿನ ನಿಂತ ಕುದುರೆ

ಆಗ ಲೋಕ ಇನ್ನೂ ಹೊಸದು. ಬೆಟ್ಟದ ಮಣ್ಣು ಹಸಿಯಾಗೇ ಇತ್ತು, ಕೈ ಇಟ್ರೆ ಅಚ್ಚು ಮೂಡ್ತಿತ್ತು. ಹೊಳೆಗೆ ಯಾವ ಕಡೆ ಹರೀಬೇಕು ಅಂತ ದಿನಾ ಬೆಳಗ್ಗೆ ಯಾರಾದ್ರೂ ಹೋಗಿ ನೆನಪು ಮಾಡ್ಬೇಕಿತ್ತು. ಮರೆತ ದಿನ ಅದು ಪಾಪ, ಇದ್ದಲ್ಲೇ ಕೆರೆ ಥರ ನಿಂತಿರ್ತಿತ್ತು.

ಆ ಕಾಲದಲ್ಲಿ ಕುದುರೆಗೆ ಓಡೋದು ಗೊತ್ತಿತ್ತು, ನಿಲ್ಲೋದು ಗೊತ್ತಿರ್ಲಿಲ್ಲ. ಓಡೋದನ್ನ ಹೇಳಿಕೊಟ್ಟೋರು ನಿಲ್ಲೋದನ್ನ ನಾಳೆ ಹೇಳಿಕೊಡ್ತೀವಿ ಅಂದಿದ್ರಂತೆ. ನಾಳೆ ಆಗೋವಷ್ಟೊತ್ತಿಗೆ ಕುದುರೆ ಬಹಳ ದೂರ ಹೋಗಿಬಿಟ್ಟಿತ್ತು. ಹಾಗಾಗಿ ನಿಲ್ಬೇಕು ಅನಿಸಿದಾಗೆಲ್ಲ ಅದು ಏನಾದ್ರೂ ಗಟ್ಟಿಯಾಗಿರೋದನ್ನ ನೋಡಿ ಡಿಕ್ಕಿ ಹೊಡೀತಿತ್ತು. ಹುತ್ತ, ಬಂಡೆ, ಒಂದೊಂದ್ಸಲ ಆನೆ. ಆನೆ ಏನೂ ಬೈತಿರ್ಲಿಲ್ಲ. ಕಿವಿ ಕೊಡವಿಕೊಂಡು, ಪೆಟ್ಟಾಯ್ತಾ ಅಂತ ಕುದುರೆಯನ್ನೇ ವಿಚಾರಿಸ್ತಿತ್ತು.

ಕುದುರೆಗೆ ಸ್ನೇಹ ಅಂತ ಇದ್ದದ್ದು ಗಾಳಿ ಜೊತೆ ಮಾತ್ರ. ಗಾಳಿಗೂ ಅಷ್ಟೆ, ತನ್ನ ಸಮಕ್ಕೆ ಓಡೋರು ಬೇರೆ ಯಾರೂ ಇರ್ಲಿಲ್ಲ. ದಿನಾ ಸಾಯಂಕಾಲ ಎರಡೂ ಬೆಟ್ಟದ ಬುಡದಿಂದ ಹೊಳೆವರೆಗೂ ಪಂದ್ಯ ಕಟ್ತಿದ್ವು. ದಿನಾ ಎರಡೂ ಗೆಲ್ತಿದ್ವು, ಅವುಗಳ ಬಾಯಲ್ಲೇ ಕೇಳಿದ್ರೆ.

ಒಂದು ಸಾಯಂಕಾಲ ಗಾಳಿ ಹತ್ತಿರದ ದಾರಿ ಅಂತ ಬಿದಿರುಮೆಳೆ ಒಳಗೆ ನುಗ್ಗಿ ಆ ಕಡೆ ಹೊರಗೆ ಬಂತು. ಕುದುರೆನೂ ನುಗ್ತು. ಅದು ಆ ಕಡೆ ಅರ್ಧ ಬಂತು. ಇನ್ನರ್ಧ ಬಿದಿರಲ್ಲೇ ಸಿಕ್ಕಿಕೊಂಡು, ಒಂದು ಹಿಂಗಾಲು ಉಳುಕಿ, ಸೋರೆಕಾಯಿ ಥರ ಊದಿಕೊಳ್ತು.

ಬಿದಿರುಮೆಳೆ ಪಕ್ಕದಲ್ಲೇ ದ್ಯಾವಕ್ಕನ ಮನೆ. ದ್ಯಾವಕ್ಕ ಅಂದ್ರೆ ಉಳುಕಿದ್ದು, ಮುರಿದಿದ್ದು ಎಲ್ಲಕ್ಕೂ ಕಟ್ಟು ಕಟ್ಟೋಳು. ಅವಳ ಕೈಗುಣ ಚೆನ್ನಾಗಿತ್ತು. ಮರೆವು ಮಾತ್ರ ಅದಕ್ಕಿಂತ ಚೆನ್ನಾಗಿತ್ತು. ಅವಳು ಮೊಟ್ಟಮೊದಲು ಕಟ್ಟು ಕಟ್ಟಿದ್ದು ಕೊಕ್ಕರೆ ಕಾಲಿಗೆ. ನಾನು ಬಂದು ಹೇಳೋವರೆಗೂ ಈ ಕಾಲು ಇಳಿಸ್ಬೇಡ ಅಂತ ಹೇಳಿ ಮನೆಗೆ ಬಂದ್ಲು. ಮನೇಲಿ ರಾಗಿ ಬೀಸೋದಿತ್ತು. ಬೀಸ್ತಾ ಬೀಸ್ತಾ ಕೊಕ್ಕರೆ ವಿಷಯ ಮರೆತುಹೋಯ್ತು. ನೆನಪಾಗಿ ಕೆರೆ ಹತ್ರ ಓಡಿದಾಗ ಒಂದು ವರ್ಷ ಕಳೆದಿತ್ತು. ಕೊಕ್ಕರೆ ಹಾಗೇ ಒಂಟಿಕಾಲಲ್ಲಿ ನಿಂತಿತ್ತು. ಇಳಿಸಪ್ಪ ಅಂದ್ರೆ, ಬಿಡಕ್ಕ, ಈಗ ಇದೇ ರೂಢಿಯಾಗಿದೆ ಅಂತು.

ಯಾರೂ ದ್ಯಾವಕ್ಕನ ಎದುರಿಗೆ ಏನೂ ಅನ್ಲಿಲ್ಲ. ಆದ್ರೆ ಆವತ್ತಿಂದ ಅವಳು ಕೆರೆ ಏರಿ ಮೇಲೆ ನಡೆಯೋವಾಗ ನೀರಿನ ಕಡೆ ತಿರುಗಿ ನೋಡ್ತಿರ್ಲಿಲ್ಲ.

ಈಗ ಕುದುರೆನ ಬಿದಿರಿಂದ ಬಿಡಿಸಿ, ಅದರ ಕಾಲು ಹಿಡಿದುಕೊಂಡು ಕೂತಾಗ ಅವಳ ಕಣ್ಣ ಮುಂದೆ ಬಂದದ್ದು ಆ ಕೊಕ್ಕರೆನೇ. ಈ ಸಲ ಹಾಗಾಗ್ಬಾರ್ದು ಅಂತ ಮನಸ್ಸಲ್ಲೇ ಅಂದುಕೊಂಡು, ಕುದುರೆಗೆ ಹೇಳಿದ್ಲು: "ಒಂದು ಮಂಡಲ. ನಲವತ್ತೆಂಟು ದಿನ. ಅಷ್ಟರೊಳಗೆ ಒಂದೇ ಒಂದ್ಸಲ ಓಡಿದ್ರೂ ಆಮೇಲೆ ಜನ್ಮದಲ್ಲಿ ಓಡಕ್ಕಾಗಲ್ಲ."

"ಮಧ್ಯದಲ್ಲಿ ಸ್ವಲ್ಪ, ಈ ಮರದಿಂದ ಆ ಮರದವರೆಗೆ?" ಅಂತು ಕುದುರೆ.

"ಇಲ್ಲ."

"ಸಣ್ಣ ಮರಗಳು ಅಕ್ಕಾ."

"ಇಲ್ಲ."

ದ್ಯಾವಕ್ಕನ ಮೈದುನ ತಿಮ್ಮೋಜ ಬಡಗಿ. ಅವನನ್ನ ಕರೆಸಿ ಕುದುರೆಗೊಂದು ಲಾಯ ಕಟ್ಟು ಅಂದ್ಲು. ಲೋಕದಲ್ಲಿ ಅಲ್ಲೀತನಕ ಲಾಯ ಅನ್ನೋದೇ ಇರ್ಲಿಲ್ಲ. ಕುದುರೆ ಅಲುಗಾಡಬಾರ್ದಲ್ಲ, ಅದಕ್ಕೆ ತಿಮ್ಮೋಜ ಅದು ನಿಂತ ಜಾಗದಲ್ಲೇ ಅದರ ಸುತ್ತ ಗೋಡೆ ಎಬ್ಬಿಸಿ, ಮೇಲೆ ಹುಲ್ಲು ಹೊದಿಸಿ, ಕೈ ತೊಳ್ಕೊಂಡ. ಬಾಗಿಲು ಇಡೋದು ಮರೆತಿದ್ದ.

"ನಲವತ್ತೆಂಟು ದಿನ ಬಾಗಿಲು ಏನಕ್ಕೆ ಬೇಕು ಅತ್ತಿಗೆ?" ಅಂತ ಕೇಳ್ದ.

"ನಾನು ಒಳಗಿದೀನಿ," ಅಂದ್ಲು ದ್ಯಾವಕ್ಕ. ಅವಳು ಆಗಿಂದ ಒಳಗೇ ಕೂತು ಕಟ್ಟು ಕಟ್ತಾ ಇದ್ಲು.

ಬಾಗಿಲು ಆಯ್ತು. ಉದ್ದಿನಹಿಟ್ಟು, ಮೊಟ್ಟೆ ಬಿಳಿ ಕಲಸಿ ಹಚ್ಚಿ, ಬಿದಿರುದಬ್ಬೆ ಇಟ್ಟು, ಬಟ್ಟೆ ಸುತ್ತಿ ಕಟ್ಟೂ ಆಯ್ತು. ಮರೆಯಬಾರ್ದು ಅಂತ ದ್ಯಾವಕ್ಕ ಬಾಗಿಲ ಹತ್ರ ಒಂದು ಹಗ್ಗ ನೇತುಹಾಕಿದ್ಲು. ದಿನಕ್ಕೊಂದು ಗಂಟು. ನಲವತ್ತೆಂಟು ಗಂಟಾದ ದಿನ ಕುದುರೆಗೆ ಬಿಡುಗಡೆ.

ಆ ಸಾಯಂಕಾಲ ಗಾಳಿ ಬಾಗಿಲಿಗೆ ಬಂತು. "ಬರ್ತೀಯಾ?" ಅಂತು.

"ಬರಲ್ಲ," ಅಂದ್ಲು ದ್ಯಾವಕ್ಕ. ಗಾಳಿ ಹೊರಟುಹೋಯ್ತು.

ಮೊದಲನೇ ದಿನ ಕುದುರೆ ಬೇಜಾರಿಗೆ ಚಾವಣಿ ಹುಲ್ಲು ತಿಂತು. ಎರಡನೇ ದಿನ ಗೋಡೆ ನೆಕ್ತು. ಮೂರನೇ ದಿನ ತಿಮ್ಮೋಜನಿಗೆ ಅಯ್ಯೋ ಪಾಪ ಅನಿಸಿ, ಅತ್ತಿಗೆಗೆ ಗೊತ್ತಾಗದ ಹಾಗೆ ಒಂದು ಮೊರ ಹುರುಳಿ ಬೇಯಿಸಿ ಇಟ್ಟ. ನಾಲ್ಕನೇ ದಿನ ಬೆಳಗ್ಗೆ ಲಾಯದ ಹಿಂದಿನ ಗೋಡೆ ಹೊಲದಲ್ಲಿತ್ತು.

"ಓಡಲಿಲ್ಲ ಅಕ್ಕಾ, ಒದ್ದೆ ಅಷ್ಟೆ," ಅಂತು ಕುದುರೆ. "ಇನ್ನೊಂದು ಕಾಲಲ್ಲಿ."

ಹುರುಳಿ ಮೈಗೆ ಉಷ್ಣ, ಅದೂ ನಿಂತಲ್ಲೇ ನಿಂತಿರೋ ಮೈಗೆ, ಅಂತ ದ್ಯಾವಕ್ಕ ಮೈದುನನಿಗೆ ಅರ್ಧ ದಿನ ಬೈದ್ಲು. ಬೈದು ಸುಸ್ತಾಗಿ ಲಾಯದ ಬಾಗಿಲಲ್ಲೇ ಕೂತ್ಲು. ಸಾಯಂಕಾಲದವರೆಗೂ ಕುದುರೆಯನ್ನೇ ನೋಡ್ತಾ ಕೂತೋಳಿಗೆ ಒಂದು ವಿಷಯ ಹೊಳೀತು. ಕಾಲು ತನ್ನ ಪಾಡಿಗೆ ತಾನು ವಿಶ್ರಾಂತಿ ತಗೋತಾ ಇದೆ. ಓಡ್ತಾ ಇರೋದು ತಲೆ.

ಮಾರನೇ ದಿನದಿಂದ ಅವಳು ತಲೆಗೆ ಕೆಲಸ ಹುಡುಕಿದ್ಲು. ಹುರುಳಿ ಬಂದ್. ಹುಲ್ಲನ್ನ ಒಂದೇ ಸಲ ರಾಶಿ ಹಾಕೋ ಬದಲು, ಸಣ್ಣ ಸಣ್ಣ ಕಟ್ಟು ಮಾಡಿ, ಹಗ್ಗದ ಬಲೆ ಒಳಗೆ ತುಂಬಿ ನೇತುಹಾಕಿದ್ಲು. ಒಂದೊಂದೇ ಎಳೆ ಕಿತ್ತು ತಿನ್ನೋ ಅಷ್ಟರಲ್ಲಿ ಮಧ್ಯಾಹ್ನ ಆಗ್ತಿತ್ತು. ಬಾಗಿಲನ್ನ ಅರ್ಧಕ್ಕೆ ಕೊಯ್ಸಿದ್ಲು, ಕುದುರೆ ಕತ್ತು ಹೊರಗೆ ಹಾಕಿ ದಾರೀಲಿ ಹೋಗೋ ಬರೋರನ್ನೆಲ್ಲ ಮಾತಾಡಿಸ್ಲಿ ಅಂತ. ದಿನಕ್ಕೆರಡು ಸಲ ಒಣಹುಲ್ಲಿನ ಸಿಂಬಿ ಮಾಡಿ ಮೈ ತಿಕ್ತಿದ್ಲು. ಚಾವಣಿಯಿಂದ ಒಂದು ಸೋರೆಕಾಯಿ ಇಳಿಬಿಟ್ಲು. ಕುದುರೆ ಮೂತೀಲಿ ತಳ್ಳಿದ್ರೆ ಸೋರೆಕಾಯಿ ಆ ಕಡೆ ಹೋಗಿ, ತಿರುಗಿ ಬಂದು ಹಣೆಗೆ ಬಡೀತಿತ್ತು. ಇದರಲ್ಲಿ ಗೆಲ್ತಾ ಇದ್ದದ್ದು ಸೋರೆಕಾಯಿ. ಆದ್ರೂ ಕುದುರೆ ಬಿಡಲಿಲ್ಲ.

ಜೊತೆಗಿರಲಿ ಅಂತ ಒಂದು ಆಡನ್ನೂ ಒಳಗೆ ಬಿಟ್ಲು. ಆಡು ಬಾಯಿ ಮುಚ್ತಿರ್ಲಿಲ್ಲ. ಅದರ ದೊಡ್ಡಮ್ಮ ಏನು ತಿಂದ್ಲು, ದೊಡ್ಡಮ್ಮನ ಮಕ್ಕಳು ಏನೇನು ತಿಂದ್ರು, ಯಾವ ಯಾವ ಬೇಲಿ ಎಷ್ಟೆಷ್ಟು ರುಚಿ, ಎಲ್ಲ ಹೇಳ್ತಿತ್ತು. ಕುದುರೆ ಕೇಳ್ತಾ ಕೇಳ್ತಾ ನಿಂತಲ್ಲೇ ತೂಕಡಿಸ್ತಿತ್ತು.

ದಿನಾ ಬೆಳಗ್ಗೆ ಕುದುರೆ, "ಆಯ್ತಾ ಅಕ್ಕಾ?" ಅಂತಿತ್ತು. ದ್ಯಾವಕ್ಕ ಹಗ್ಗಕ್ಕೆ ಗಂಟು ಹಾಕ್ತಾ, "ಇಲ್ಲ," ಅಂತಿದ್ಲು.

ದಿನಾ ಸಾಯಂಕಾಲ ಗಾಳಿ, "ಬರ್ತೀಯಾ?" ಅಂತಿತ್ತು. ದ್ಯಾವಕ್ಕ, "ಬರಲ್ಲ," ಅಂತಿದ್ಲು.

ಹೀಗೇ ಎಷ್ಟೋ ದಿನ ನಡೀತು. ಹುಲ್ಲಿನ ಬಲೆ ತಿರುಗ್ತಾ ಇತ್ತು, ಸೋರೆಕಾಯಿ ಬಡೀತಾ ಇತ್ತು, ಹಗ್ಗದಲ್ಲಿ ಗಂಟು ಹೆಚ್ಚಾಗ್ತಾ ಇತ್ತು. ಕಾಲಿನ ಊತ ಇಳೀತು.

ಆಮೇಲೊಂದು ದಿನ ಹೊಳೆಗೆ ನೆನಪು ಮಾಡೋ ಸರದಿ ದ್ಯಾವಕ್ಕನ ಪಾಲಿಗೆ ಬಂತು. ಬೆಳಗ್ಗೆ ಹೋದೋಳು ಮಧ್ಯಾಹ್ನ ವಾಪಸ್ ಬಂದ್ಲು. ಬಂದು ನೋಡಿದ್ರೆ ಲಾಯದಲ್ಲಿ ಕುದುರೆ ಇತ್ತು, ಆಡು ಇತ್ತು. ಅವೆರಡು ಬಿಟ್ರೆ ಬೇರೆ ಏನೂ ಇರ್ಲಿಲ್ಲ.

ಆಡು ಮೊದಲು ಬಲೆ ತಿಂದಿತ್ತು. ಆಮೇಲೆ ಸೋರೆಕಾಯಿ. ಆಮೇಲೆ ಗಂಟಿನ ಹಗ್ಗ. ಇಷ್ಟಾದ ಮೇಲೆ ಕುದುರೆ ತೂಕಡಿಸ್ತಾ ಇರೋದು ನೋಡಿ, ಕಾಲಿನ ಕಟ್ಟನ್ನ ದಬ್ಬೆ ಸಮೇತ, ಮೆತ್ತಿದ್ದ ಹಿಟ್ಟು ಸಮೇತ ತಿಂದು, ಜಾಗ ಚೆನ್ನಾಗಿ ನೆಕ್ಕಿ ಇಟ್ಟಿತ್ತು.

"ಉಪ್ಪು ಸ್ವಲ್ಪ ಕಮ್ಮಿ ಇತ್ತು," ಅಂತು ಆಡು.

ದ್ಯಾವಕ್ಕ ಕುದುರೆ ಹಿಂದೆ ಕೂತು ಎರಡು ಕಾಲನ್ನೂ ನೋಡಿದ್ಲು. ಎರಡೂ ಒಂದೇ ಥರ ಇದ್ವು. ಒಂದನ್ನ ಒತ್ತಿ ನೋವಿದ್ಯಾ ಅಂತ ಕೇಳಿದ್ಲು. ಇಲ್ಲ ಅಂತು ಕುದುರೆ. ಇನ್ನೊಂದನ್ನ ಒತ್ತಿದ್ಲು. ಇಲ್ಲ, ಕಚಗುಳಿ ಆಗುತ್ತೆ ಅಂತು.

ಹಾಗಾದ್ರೆ ಉಳುಕಿದ್ದು ಯಾವ ಕಾಲು? ಬಲಗಾಲು ಅಂದ್ಲು ದ್ಯಾವಕ್ಕ. ಎಡಗಾಲು ಅಂತು ಕುದುರೆ. ಸ್ವಲ್ಪ ಹೊತ್ತು ಬಿಟ್ಟು ದ್ಯಾವಕ್ಕ ಎಡ ಅಂದ್ಲು, ಕುದುರೆ ಬಲ ಅಂತು. ಗಲಾಟೆ ಕೇಳಿ ಬಂದ ತಿಮ್ಮೋಜ, ಮುಂಗಾಲು ಅಲ್ವಾ ಅಂದ. ಅವನನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಕಾಲು ಹೋಗ್ಲಿ, ದಿನ ಎಷ್ಟಾಯ್ತು? ಅದೂ ಆಡಿನ ಹೊಟ್ಟೇಲಿತ್ತು. ನಲವತ್ತೆಂಟೇ ಆಗಿದೆ, ಒಂದೆರಡು ಜಾಸ್ತಿನೇ ಇರ್ಬೇಕು ಅಂತು ಕುದುರೆ. ಆಡನ್ನ ಕೇಳಿದ್ರೆ, ಗಂಟು ಬಹಳ ಇದ್ವು, ಹೊಟ್ಟೆ ಭಾರ ಇದೆ ಅಂತಷ್ಟೇ ಹೇಳ್ತು. ದ್ಯಾವಕ್ಕ ಕಣ್ಣು ಮುಚ್ಚಿ ನೆನಪು ಮಾಡ್ಕೊಂಡ್ಲು. ನೆನಪಿಗೆ ಬಂದದ್ದು ರಾಗಿ ಬೀಸೋದಿದೆ ಅನ್ನೋದೊಂದೇ.

ಮುಗೀತು ಹೋಗು ಅಂದು, ದಿನ ಇನ್ನೂ ಬಾಕಿ ಇದ್ರೆ, ಕುದುರೆ ಇನ್ನೆಂದೂ ಓಡಲ್ಲ. ಇಲ್ಲ ಇರು ಅಂದು, ದಿನ ಆಗಿಹೋಗಿದ್ರೆ, ಇದೂ ಕೊಕ್ಕರೆ ಥರ ನಿಂತೇಬಿಡುತ್ತೆ. ಬಾಗಿಲಲ್ಲಿ ಕೂತು ತಲೆ ಮೇಲೆ ಕೈ ಹೊತ್ಕೊಂಡ್ಲು.

ಸಾಯಂಕಾಲ ಆಯ್ತು. ಗಾಳಿ ಬಂತು. "ಬರ್ತೀಯಾ?" ಅಂತು.

ದ್ಯಾವಕ್ಕ ಬರಲ್ಲ ಅನ್ಲಿಲ್ಲ. ಗಾಳಿಗೆ ಅದೇ ವಿಚಿತ್ರ ಅನಿಸ್ತು.

"ನೀನು ಈ ಬಾಗಿಲಿಗೆ ಎಷ್ಟು ಸಲ ಬಂದಿದೀಯಪ್ಪ?" ಅಂತ ಕೇಳಿದ್ಲು ಅವಳು. "ಹಗ್ಗ ಹೋಯ್ತು. ನನಗೆ ನೆನಪಿಲ್ಲ. ನೀನು ಹೇಳಿದಷ್ಟೇ ದಿನ."

ಬಿದಿರುಮೆಳೆ ಅಲುಗೋದು ನಿಲ್ತು. ಆಡು ಕೂಡ ಮೆಲುಕು ಹಾಕೋದು ನಿಲ್ಲಿಸ್ತು. ನಲವತ್ತೆಂಟು ಅಂದ್ರೆ ಸಾಕು, ಕುದುರೆ ಈಗಲೇ ಹೊರಗೆ ಬರುತ್ತೆ. ಬೆಟ್ಟದ ಬುಡ ಅಲ್ಲೇ ಕಾಣ್ತಾ ಇತ್ತು. ಕುದುರೆ ಅರ್ಧ ಬಾಗಿಲಿಂದ ಕತ್ತು ಚಾಚಿ, ಕಿವಿ ಎರಡನ್ನೂ ನೆಟ್ಟಗೆ ಮಾಡಿ, ಗಾಳಿಯನ್ನೇ ನೋಡ್ತಾ ಇತ್ತು.

"ನಲವತ್ತೊಂದು," ಅಂತು ಗಾಳಿ. "ಇವತ್ತಿಂದು ಸೇರಿಸಿ."

ಕುದುರೆ ಮುಖ ತಿರುಗಿಸಿ ಗೋಡೆ ಕಡೆ ನಿಂತ್ಕೊಳ್ತು.

"ಇನ್ನೇಳು ಸಲ ಬರ್ತೀನಿ ಕಣೋ," ಅಂತು ಗಾಳಿ ಮೆಲ್ಲಗೆ. ಕುದುರೆ ಜುಟ್ಟನ್ನ ಒಂದ್ಸಲ ಸವರಿ, ಒಂದೇ ಒಂದು ಎಲೆನೂ ಅಲುಗಿಸದೆ ಹೊರಟುಹೋಯ್ತು.

ದಿನದ ಸಮಸ್ಯೆ ಹಾಗೆ ಮುಗೀತು. ಕಾಲಿಂದು ಉಳೀತು. ಮಾರನೇ ದಿನ ಅದನ್ನೂ ಗಾಳಿಯನ್ನೇ ಕೇಳಿದ್ರು. ನಾನು ಮುಂದಿದ್ದೆ, ಇದರ ಹಿಂಗಾಲು ನನಗೆಲ್ಲಿ ಕಾಣುತ್ತೆ ಅಂತು ಗಾಳಿ. ಮುಂದಿದ್ದದ್ದು ನಾನು ಅಂತು ಕುದುರೆ. ಆ ಜಗಳ ಶುರುವಾದ್ರೆ ಮುಗಿಯಲ್ಲ ಅಂತ ದ್ಯಾವಕ್ಕನಿಗೆ ಗೊತ್ತಿತ್ತು. ಎರಡನ್ನೂ ಸುಮ್ಮನಿರಿಸಿ ಅವಳೇ ತೀರ್ಮಾನ ಹೇಳಿದ್ಲು.

"ಎರಡಕ್ಕೂ ಸರದಿ ಮೇಲೆ ವಿಶ್ರಾಂತಿ ಕೊಡು. ಸ್ವಲ್ಪ ಹೊತ್ತು ಈ ಕಾಲನ್ನ ಸಡಿಲ ಬಿಟ್ಟು, ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿಸಿಕೊಂಡು ನಿಲ್ಲು. ಆಮೇಲೆ ಆ ಕಾಲು. ಉಳುಕಿದ್ದು ಯಾವುದೋ, ಅದಕ್ಕೆ ಹೇಗೂ ತಲುಪುತ್ತೆ."

ಕುದುರೆ ಹಾಗೇ ಮಾಡ್ತು. ಸ್ವಲ್ಪ ಹೊತ್ತು ಈ ಕಾಲು, ಸ್ವಲ್ಪ ಹೊತ್ತು ಆ ಕಾಲು. ತಿಮ್ಮೋಜ ಹೊಸ ಬಲೆ ಹೆಣೆದು, ಆಡಿಗೆ ಎಟುಕದ ಹಾಗೆ ಎತ್ತರಕ್ಕೆ ಕಟ್ಟಿದ. ಮೊದಲು ಕುದುರೆಗೂ ಎಟುಕಲಿಲ್ಲ. ಆಮೇಲೆ ಸರಿ ಮಾಡಿದ.

ಏಳನೇ ದಿನ ದ್ಯಾವಕ್ಕ ಬೆಳಗ್ಗೆ ಬೆಳಕು ಹರಿಯೋದಕ್ಕೆ ಮುಂಚೆ ಬಂದು ಲಾಯದ ಬಾಗಿಲಲ್ಲಿ ಕೂತ್ಲು. ಅಡುಗೆ ಮಾಡಲಿಲ್ಲ, ರಾಗಿ ಮುಟ್ಟಲಿಲ್ಲ. ಎದ್ರೆ ಎಲ್ಲಿ ಮರೆತುಹೋಗುತ್ತೋ ಅಂತ ನೀರಿಗೂ ಏಳಲಿಲ್ಲ. ತಿಮ್ಮೋಜ ಅಲ್ಲಿಗೇ ಮುದ್ದೆ ತಂದುಕೊಟ್ಟ. ಸಾಯಂಕಾಲ ಗಾಳಿ ಬಂತು.

"ಬರ್ತೀಯಾ?"

ಕುದುರೆ ದ್ಯಾವಕ್ಕನ ಮುಖ ನೋಡ್ತು.

"ಹೋಗಿಬಾ," ಅಂದ್ಲು ದ್ಯಾವಕ್ಕ.

ತಿಮ್ಮೋಜ ಬಾಗಿಲು ತೆಗೆಯೋಕೆ ಬಗ್ಗಿದ. ಅವನು ಬಗ್ಗಿರೋವಾಗಲೇ ಕುದುರೆ ಅವನನ್ನೂ ಬಾಗಿಲನ್ನೂ ಸೇರಿಸಿ ಹಾರಿ ಹೋಗಿತ್ತು. ಬೆಟ್ಟದ ಬುಡ, ಬಿದಿರುಮೆಳೆಯ ಪಕ್ಕ (ಪಕ್ಕನೇ, ಒಳಗಲ್ಲ), ಬಯಲು, ಹೊಳೆ. ನಾಲ್ಕು ಕಾಲೂ ಗಟ್ಟಿಯಾಗಿದ್ವು. ಹೊಳೆ ದಂಡೇಲಿ ಆನೆ ನೀರು ಕುಡೀತಾ ನಿಂತಿತ್ತು. ಕುದುರೆ ಬರೋದು ನೋಡಿ, ಅಭ್ಯಾಸ ಬಲದಿಂದ ಕಣ್ಣು ಮುಚ್ಚಿ ಕಾಲೂರಿ ನಿಂತ್ಕೊಳ್ತು. ಎಷ್ಟು ಹೊತ್ತಾದ್ರೂ ಡಿಕ್ಕಿ ಬೀಳಲಿಲ್ಲ. ಕಣ್ಣು ಬಿಟ್ಟು ನೋಡಿದ್ರೆ, ಒಂದು ಗೇಣು ದೂರದಲ್ಲಿ ಕುದುರೆ ನಿಂತಿತ್ತು. ತಾನಾಗೇ ನಿಂತಿತ್ತು. ಅಷ್ಟು ದಿನದಲ್ಲಿ ಅದಕ್ಕೆ ನಿಲ್ಲೋದು ಬಂದುಬಿಟ್ಟಿತ್ತು. ಆನೆಗೆ ಒಂಥರಾ ಬೇಜಾರೇ ಆಯ್ತಂತೆ.

ಆ ದಿನ ಯಾರು ಗೆದ್ರು ಅಂತ ಕೇಳಿದ್ರೆ, ಎರಡೂ ಗೆದ್ವು.

ದ್ಯಾವಕ್ಕ ಮನೆಗೆ ಹೋಗಿ ನೆಮ್ಮದಿಯಾಗಿ ರಾಗಿ ಬೀಸೋಕೆ ಕೂತ್ಲು. ಅರ್ಧ ಸೇರು ಬೀಸಿರ್ಬೇಕು, ಕೈ ಹಾಗೇ ನಿಂತುಹೋಯ್ತು. ಹೋಗಿಬಾ ಅಂತ ಹೇಳಿದ್ದೆ. ಇನ್ಮೇಲೆ ಕಾಲಿಗೆ ಸರದಿ ಬೇಕಿಲ್ಲ ಅಂತ ಹೇಳಿದ್ನಾ? ಹೇಳಿರ್ಲಿಲ್ಲ. ಎದ್ದು ಬಾಗಿಲಿಗೆ ಬಂದು ನೋಡಿದ್ಲು. ಬಯಲಲ್ಲಿ ಧೂಳು ಮಾತ್ರ ಇತ್ತು, ಅದೂ ಬಹಳ ದೂರದಲ್ಲಿ.

ಸ್ವಲ್ಪ ಹೊತ್ತು ನೋಡಿ, ಓಡ್ತಾ ಇದೆಯಲ್ಲ ಅಂದುಕೊಂಡು, ಮತ್ತೆ ಬೀಸೋಕೆ ಕೂತ್ಲು.

ಅದಕ್ಕೇ ಮಗಾ, ಇವತ್ತಿಗೂ ಕುದುರೆ ಸುಮ್ಮನೆ ನಿಂತಾಗ ಒಂದು ಹಿಂಗಾಲನ್ನ ಸಡಿಲ ಬಿಟ್ಟು ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿಸಿರುತ್ತೆ, ನೀನು ನೋಡ್ತಾ ನೋಡ್ತಾ ಇರೋ ಹಾಗೇ ಅದನ್ನ ಊರಿ ಇನ್ನೊಂದನ್ನ ಸಡಿಲ ಬಿಡುತ್ತೆ, ಯಾಕಂದ್ರೆ ಉಳುಕಿದ್ದು ಯಾವುದು ಅಂತ ಅದಕ್ಕೆ ಇನ್ನೂ ಗೊತ್ತಾಗಿಲ್ಲ.