ಓತಿಕ್ಯಾತ ಕೇಳಿಸಿಕೊಳ್ಳದ ಅರ್ಧ ಮಾತು

ಲೋಕ ಆಗಷ್ಟೇ ಸಿದ್ಧವಾಗಿ, ಬಣ್ಣ ಇನ್ನೂ ಪೂರ್ತಿ ಒಣಗಿರದ ಕಾಲ. ಗಾಳಿ, ಗಿಡ, ಹುಳ, ಹಕ್ಕಿ ಎಲ್ಲರಿಗೂ ಮಾತು ಹೊಸದಾಗಿ ಸಿಕ್ಕಿತ್ತು. ಹೊಸದಾದ್ದರಿಂದ ಎಲ್ಲರೂ ಅದನ್ನು ಸ್ವಲ್ಪ ಜಾಸ್ತಿಯೇ ಬಳಸುತ್ತಿದ್ದರು.

ಆಗ ಒಂದು ಲಕ್ಕಿ ಗಿಡದ ಬೇಲಿಯ ಮೇಲೆ ಓತಿಕ್ಯಾತ ವಾಸವಾಗಿದ್ದ. ಅವನು ಆಗ ತಲೆ ಆಡಿಸುತ್ತಿರಲಿಲ್ಲ. ಅದಕ್ಕೆಲ್ಲ ಪುರಸೊತ್ತಿರಲಿಲ್ಲ. ಯಾರಾದರೂ ಬಾಯಿ ತೆರೆದರೆ ಸಾಕು, ಅವನ ಕುತ್ತಿಗೆ ಕೆಂಪಾಗುತ್ತಿತ್ತು. ಅವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಇವನ ಉತ್ತರ ಹೊರಟಿರುತ್ತಿತ್ತು. ಹೀಗಾಗಿ ಲೋಕದ ಯಾವ ಮಾತನ್ನೂ ಅವನು ಅರ್ಧಕ್ಕಿಂತ ಹೆಚ್ಚು ಕೇಳಿರಲಿಲ್ಲ.

"ಓತಣ್ಣ, ನಿನ್ನ ಮೈ ಎಷ್ಟು ಒರಟು..." ಎಂದಿತು ಇರುವೆ.

"ನಿನ್ನ ಸೊಂಟ ನೋಡ್ಕೋ ಮೊದಲು. ದಾರಕ್ಕೆ ಗಂಟು ಹಾಕಿದ ಹಾಗಿದೆ."

ಇರುವೆ ಸಂಸಾರ ಸಮೇತ ಬೇಲಿ ಬಿಟ್ಟಿತು.

"ನಿನ್ನ ಕುತ್ತಿಗೆ ಯಾಕೆ ಇಷ್ಟು ಕೆಂಪು..." ಎಂದಿತು ಪಿಕಳಾರ ಹಕ್ಕಿ.

"ನಿನ್ನ ಬಾಲದ ಬುಡ ಯಾವ ಬಣ್ಣ, ಹೇಳು ನೋಡೋಣ? ಕೆಂಪೇ ತಾನೆ?"

ಅದೂ ಹಾರಿಹೋಯಿತು. ಉಳಿದದ್ದು ಅಳಿಲು. ದಿನವೂ ಅವನ ಎಡಗಡೆ ಕೂತು ಬಿಸಿಲು ಕಾಯಿಸುತ್ತಿತ್ತು.

"ಓತಣ್ಣ, ನಿನ್ನ ಜೊತೆ ದಿನಾ ಕೂರೋದು ಅಂದ್ರೆ ನನಗೆ..."

"ಬೇಜಾರಾದ್ರೆ ಹೋಗು. ಕರೆದವರ್ಯಾರು?"

ಅಳಿಲು ಬೇಲಿ ಇಳಿದು ಹೋಯಿತು. ಮರುದಿನ ಬರಲಿಲ್ಲ. ಬಿಸಿಲು ಎಂದಿನಷ್ಟೇ ಇತ್ತು, ಆದರೆ ಅವನ ಎಡಗಡೆಯ ಮೈ ಮಾತ್ರ ಬೆಚ್ಚಗಾಗಲಿಲ್ಲ.

"ಲಕ್ಕಮ್ಮಾ, ಎಲ್ಲಾ ಜಗಳದಲ್ಲೂ ಗೆದ್ದವನು ನಾನೇ. ಆದರೂ ಒಬ್ಬನೇ ಇದ್ದೀನಲ್ಲ?" ಎಂದು ಅವನು ತಾನು ಕೂತಿದ್ದ ಲಕ್ಕಿ ಬೇಲಿಯನ್ನೇ ಕೇಳಿದ.

ಲಕ್ಕಮ್ಮನದು ನಿಧಾನದ ಮಾತು. ಗಾಳಿ ಬಂದರೆ ಮಾತು ನಿಲ್ಲಿಸಿ, ಬಾಗಿ, ಎದ್ದು, ಮತ್ತೆ ಮುಂದುವರಿಸುವಳು. ಅಂದು ಓತಿಕ್ಯಾತನಿಗೆ ನಡುವೆ ಬಾಯಿ ಹಾಕುವ ಶಕ್ತಿಯೂ ಇರಲಿಲ್ಲ.

"ಗಾಳಿ ನನ್ನನ್ನೂ ದಿನಾ ತಳ್ತಾನೆ, ಮಗಾ. ನಾನು ಬಾಗಿ ಏಳೋಷ್ಟರಲ್ಲಿ ಅವನು ಊರಾಚೆ ಹೋಗಿರ್ತಾನೆ. ಯಾರ ಹತ್ರ ಜಗಳ ಆಡ್ಲಿ? ನೀನೂ ಮೂರು ಸಲ ಬಾಗಿ ಏಳು. ಮೊದಲನೇ ಸಲ, ಕುತ್ತಿಗೆ ಬಿಸಿಯಾಗಿದೆ ಅಂತ ತಿಳ್ಕೋ. ಎರಡನೇ ಸಲ, ಕಾಲ ಕೆಳಗೆ ಕೊಂಬೆ ಇದೆಯಾ ನೋಡ್ಕೋ. ಮೂರನೇ ಸಲ, ಉಸಿರು ಬಿಡು. ಆಮೇಲೂ ಬೈಯೋದಿದ್ರೆ ಬೈಯಿ, ನಾನೇನೂ ಬೇಡ ಅನ್ನಲ್ಲ."

ಜಗಳಕ್ಕೆ ಯಾರೂ ಉಳಿದಿರಲಿಲ್ಲವಾದ್ದರಿಂದ ಅಭ್ಯಾಸಕ್ಕೆ ಬೇಕಾದಷ್ಟು ಸಮಯವಿತ್ತು. ನೊಣ ಗುಂಯ್ ಎಂದರೂ ಬಾಗಿ ಎದ್ದ. ಎಲೆ ಬಿದ್ದರೂ ಬಾಗಿ ಎದ್ದ.

ನಾಲ್ಕನೆಯ ದಿನ ಲಕ್ಕಮ್ಮ, "ಓತೀ, ನೀನು ನನ್ನ ತಲೆ ಮೇಲಿಂದ ಇಳಿ..." ಎಂದಳು. ಅಷ್ಟರಲ್ಲಿ ಗಾಳಿ ಬಂದ. ಅವಳು ಬಾಗಿದಳು.

ಇದ್ದ ಒಂದೇ ಮನೆಯೂ ಹೋಯಿತು ಎಂದುಕೊಂಡ ಓತಿಕ್ಯಾತ. ಕುತ್ತಿಗೆ ಕೆಂಡವಾಯಿತು. ನಾಲಿಗೆ ತುದಿಗೆ ಉತ್ತರ ಬಂತು, ಬಹಳ ಒಳ್ಳೆಯ ಉತ್ತರ.

ಬಾಗಿ ಎದ್ದ. ಕುತ್ತಿಗೆ ಬಿಸಿಯಾಗಿದೆ. ಬಾಗಿ ಎದ್ದ. ಕೊಂಬೆ ಇದೆ, ಇನ್ನೂ ಇದೆ. ಬಾಗಿ ಎದ್ದ. ಉಸಿರು ಬಿಟ್ಟ.

"...ಒಳಗಿನ ಕೊಂಬೆಗೆ ಬಾ ಬೇಗ, ಮೇಲೆ ಗಿಡುಗ ಇದೆ" ಎಂದಳು ಲಕ್ಕಮ್ಮ.

ಅವನು ಒಳಗೆ ಜಾರಿದ. ಗಿಡುಗದ ಉಗುರಿಗೆ ನಾಲ್ಕು ಲಕ್ಕಿ ಎಲೆ ಸಿಕ್ಕಿತು. ಆ ಒಳ್ಳೆಯ ಉತ್ತರವನ್ನು ಹೇಳಲು ನಿಂತಿದ್ದರೆ, ಅದರ ಕೊನೆಯ ಭಾಗವನ್ನು ಅವನು ಗಿಡುಗದ ಕೊಕ್ಕಿನಲ್ಲಿ ಹೇಳಿ ಮುಗಿಸಬೇಕಾಗುತ್ತಿತ್ತು.

ಗಿಡುಗ ದೂರ ಹೋದ ಮೇಲೆ ಅವನು ಬೇಲಿ ಇಳಿದು, ಉಳಿದ ಅರ್ಧ ಮಾತುಗಳನ್ನು ಹುಡುಕಿಕೊಂಡು ಹೊರಟ.

"ಒರಟು ಮೈ ಆದ್ದರಿಂದ ಹತ್ತುವಾಗ ಜಾರೋದೇ ಇಲ್ಲ ಅನ್ನೋಕೆ ಹೊರಟಿದ್ದೆ" ಎಂದಿತು ಇರುವೆ. ಪಿಕಳಾರದ ಉಳಿದರ್ಧ ಮೊದಲರ್ಧಕ್ಕಿಂತ ಕೆಟ್ಟದಾಗಿತ್ತು. ಅಲ್ಲಿ ಅವನು ಆರು ಸಲ ಬಾಗಿ ಏಳಬೇಕಾಯಿತು.

ಕೊನೆಗೆ ಅಳಿಲು ಸಿಕ್ಕಿತು. "ಅವತ್ತು ನೀನು ಏನೋ ಹೇಳ್ತಿದ್ದೆ" ಎಂದ.

"ನಿನ್ನ ಜೊತೆ ಕೂರೋದು ಅಂದ್ರೆ ನನಗೆ ಹಬ್ಬ ಅಂತಿದ್ದೆ. ಈಗ ಬೈಯಿ."

ಓತಿಕ್ಯಾತ ಬೈಯಲಿಲ್ಲ. ಕುತ್ತಿಗೆಯೂ ಕೆಂಪಾಗಲಿಲ್ಲ. ಸುಮ್ಮನೆ ಮೂರು ಸಲ ಬಾಗಿ ಎದ್ದ. ಅಳಿಲು ಬಂದು ಅವನ ಎಡಗಡೆ ಕೂತಿತು.

ಇವತ್ತಿಗೂ ಕಾಂಪೌಂಡ್ ಗೋಡೆಯ ಮೇಲೆ ಕುತ್ತಿಗೆ ಕೆಂಪಗೆ ಮಾಡಿಕೊಂಡ ಓತಿಕ್ಯಾತ ನಿಮ್ಮನ್ನು ನೋಡಿ ತಲೆ ಆಡಿಸಿದರೆ ಅಣಕಿಸುತ್ತಿದ್ದಾನೆಂದು ಕಲ್ಲು ಎತ್ತಿಕೊಳ್ಳಬೇಡಿ. ಅವನಿಗೆ ಸಿಟ್ಟು ಬಂದಿದೆ ನಿಜ, ಆದರೂ ನಿಮ್ಮ ಮಾತು ಪೂರ್ತಿಯಾಗಲಿ ಎಂದು ಕಾಯುತ್ತಿದ್ದಾನೆ. ಕುತ್ತಿಗೆ ಕೆಂಪಾಗದೆಯೇ ತಲೆ ಆಡಿಸಿದರೆ, ಅದು ಲಕ್ಕಮ್ಮನಿಗೆ ನಮಸ್ಕಾರ.