ಓಡಲು ಅಪ್ಪಣೆ ಕೇಳಿದ ಜಿಂಕೆ

ಸೀಳುನಾಯಿಗಳು ಬಂದರೆ ಹುಲಿಯೂ ದಾರಿ ಬಿಡುತ್ತಿದ್ದ ಒಂದು ಕಾಡಿನಲ್ಲಿ ಮುದಿ ಸಿಂಹವೊಂದು ಆಳುತ್ತಿತ್ತು. ಅದರ ಸಭೆಯಲ್ಲಿ ಮೂರು ವಕೀಲ ನರಿಗಳೇ ಮಂತ್ರಿಗಳು. ಹಿಂದೆ ಮಂತ್ರಿಯಾಗಿದ್ದ ಆನೆ ಮೊದಲೇ ಎಚ್ಚರಿಸಿತ್ತು: "ಪ್ರಭು, ಒಬ್ಬ ವಕೀಲನಿದ್ದರೆ ಕಾನೂನು ಏನೆಂದು ತಿಳಿಯುತ್ತದೆ. ಮೂವರಿದ್ದರೆ ಅದೂ ತಿಳಿಯುವುದಿಲ್ಲ." ಸಿಂಹ ನಕ್ಕುಬಿಟ್ಟಿತ್ತು.

ಮರದ ತುದಿಯಲ್ಲಿ ಕೂತ ಕರಿಮೂತಿಯ ಕೋತಿಯೇ ಆ ಕಾಡಿನ ಕಾವಲು. ಅದು ಕೂಗಿದೊಡನೆ ಜಿಂಕೆಗಳು ಹಿಂದೆ ಮುಂದೆ ನೋಡದೆ ಓಡುತ್ತಿದ್ದವು. ನರಿಗಳು ಈ ಪದ್ಧತಿಯನ್ನು ಕೆಡಿಸಿದವು. ಕೂಗು ನಿಜವೆಂದು ಸಭೆಯಲ್ಲಿ ಸಾಬೀತಾಗುವ ತನಕ ಯಾರೂ ಓಡಕೂಡದು, ಓಡಿದರೆ ಗಡಿಪಾರು ಎಂದವು. ಓಡದೆ ನಿಂತ ಮರಿ ತಮ್ಮ ಬಾಯಿಗೂ ಬಿದ್ದೀತು ಎಂಬ ಆಸೆ ಆ ಕಳ್ಳರಿಗೆ.

ಒಂದು ಸಂಜೆ ಕೋತಿ ಕೂಗಿತು. ಮೂರು ದಿನದ ಮರಿಯನ್ನು ಕಟ್ಟಿಕೊಂಡು ಜಿಂಕೆಯೊಂದು ಸಭೆಗೆ ಬಂತು.

"ಮಹಾಪ್ರಭು, ಸೀಳುನಾಯಿ ಬಂದಿದೆಯಂತೆ. ಓಡಲು ಅಪ್ಪಣೆ ಕೊಡಿ."

ಕೋತಿ ಕಂಡದ್ದೇನು ಎಂದು ಹಿರಿಯ ನರಿ ವಿಚಾರಿಸಿತು. ಹುಲ್ಲಿನಲ್ಲಿ ಒಂದು ಬಾಲ ಎಂದಿತು ಕೋತಿ. ಬಾಲ ಕಂಡ ಮಾತ್ರಕ್ಕೆ ನಾಯಿ ಇದೆ ಎನ್ನಲಾಗದು ಎಂದಿತು ಎರಡನೆಯ ನರಿ. ಇನ್ನೊಬ್ಬ ಸಾಕ್ಷಿ ಬೇಕು, ವಿಚಾರಣೆ ನಾಳೆಗೆ ಇರಲಿ ಎಂದಿತು ಮೂರನೆಯದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅಷ್ಟರಲ್ಲಿ ಹಕ್ಕಿಗಳ ಸದ್ದು ನಿಂತುಹೋಯಿತು. ಗಾಳಿ ಇರಲಿಲ್ಲ, ಆದರೂ ಹುಲ್ಲು ಅಲುಗಿತು. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ಮರಿ ತಾಯಿಯ ಹೊಟ್ಟೆಯಡಿ ನುಸುಳಿತು. ಜಿಂಕೆ ಸಿಂಹದ ಮುಖ ನೋಡಿತು. ಸಿಂಹ ನರಿಗಳ ಮುಖ ನೋಡಿತು.

ಆಗ ಸಭೆಯ ಅಂಚಿನಲ್ಲಿ ನಿಂತಿದ್ದ ಆನೆ ಹೇಳಿತು: "ಓಡು ಮಗಳೇ. ತಪ್ಪಾದರೆ ನಾಳೆ ನನ್ನನ್ನು ಕೇಳಲಿ."

ಜಿಂಕೆ ಮರಿಯೊಡನೆ ಹಾರಿತು. ಹಿರಿಯ ನರಿ ಹೊಳೆಯ ಕಡೆಯ ದಾರಿಗೆ ಅಡ್ಡ ನಿಂತಿತು. "ಅಪ್ಪಣೆ ಎಲ್ಲಿ?" ಎಂದು ಗದರಿಸಿತು. ಜಿಂಕೆ ಅದರ ಪಕ್ಕದಿಂದ ನುಗ್ಗಿ ಹೋಯಿತು. ನರಿ ಅದರತ್ತ ಹೊರಳುವಷ್ಟರಲ್ಲಿ ಹುಲ್ಲಿನಿಂದ ಹನ್ನೆರಡು ಕೆಂಪು ನಾಯಿಗಳು ಹೊರಬಂದವು.

"ಇದು ಸಭೆಯ ಜಾಗ, ಕಾನೂನಿನ ಪ್ರಕಾರ ಇಲ್ಲಿ..." ಎಂದು ನರಿ ಶುರು ಮಾಡಿತು. ಮಾತು ಮುಗಿಯಲಿಲ್ಲ. ಉಳಿದ ಎರಡು ನರಿಗಳು ಯಾರ ಅಪ್ಪಣೆಯನ್ನೂ ಕೇಳದೆ ಕಾಲಿಗೆ ಬುದ್ಧಿ ಹೇಳಿದವು. ಮತ್ತೆ ಆ ಕಾಡಿಗೆ ಬರಲಿಲ್ಲ.

ಜಿಂಕೆ ಹೊಳೆ ದಾಟಿ ನಿಂತಿತು. ಮರಿ ಜೊತೆಗೇ ಇತ್ತು. ಸಿಂಹ ನಾಚಿ ಆನೆಯನ್ನು ಮತ್ತೆ ಮಂತ್ರಿಯಾಗಿ ಪಕ್ಕದಲ್ಲಿ ಕೂರಿಸಿಕೊಂಡಿತು.

ನೀತಿ: ಅಪಾಯ ಬಾಗಿಲಿಗೆ ಬಂದಾಗ ವಾದ ಗೆಲ್ಲುವವರಲ್ಲ, ಹೊಣೆ ಹೊರುವವರು ಬೇಕು.