ಪರದೆಯ ಹಿಂಬದಿ

“ಕೆಟ್ಟ ಮನುಷ್ಯ ತೆಗೆದ ಒಳ್ಳೆಯ ಸಿನಿಮಾ ನೋಡಿ ಸಂತೋಷಪಡಬಹುದೇ, ಬುದ್ಧಿ?” ಎಂದು ಮರುಳಸಿದ್ಧ ಕೇಳಿದ.

ಅವನು ತಾಲ್ಲೂಕು ಕಾಲೇಜಿನಲ್ಲಿ ಪಾಠ ಹೇಳುವವನು. ಸೋಮವಾರಕ್ಕೊಮ್ಮೆ ಮಠಕ್ಕೆ ಬಂದು, ಅಂಗಳ ಗುಡಿಸಿ, ಗುರುಗಳ ಹತ್ತಿರ ಸ್ವಲ್ಪ ಹೊತ್ತು ಕುಳಿತು ಹೋಗುತ್ತಿದ್ದ. ಅಂದು ಒಮ್ಮೆ ಗುಡಿಸಿದ ಅಂಗಳವನ್ನೇ ಮತ್ತೊಮ್ಮೆ ಗುಡಿಸಿದ್ದ. 

“ಯಾರು ಆ ಕೆಟ್ಟ ಮನುಷ್ಯ?” ಎಂದರು ಗುರುಗಳು.

ಮರುಳಸಿದ್ಧ ಹೇಳತೊಡಗಿದ. ನಿರ್ದೇಶಕನ ಹೆಸರು ಹೇಳಿದ, ಅವನ ಹುಟ್ಟೂರು ಹೇಳಿದ. ಅವನು ತೆಗೆದ ಹನ್ನೊಂದು ಚಿತ್ರಗಳ ಹೆಸರನ್ನು, ತೆರೆಗೆ ಬಂದ ವರ್ಷದ ಸಮೇತ ಹೇಳಿದ. ಮುಂದಿನ ಭಾನುವಾರ ಅವುಗಳಲ್ಲಿ ಒಂದನ್ನು ವಿದ್ಯಾರ್ಥಿಗಳಿಗೆ ತೋರಿಸುವುದೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ಆ ಚಿತ್ರದಲ್ಲಿ ನಾಯಕಿ ಬಿಕ್ಕಿ ಬಿಕ್ಕಿ ಅಳುವ ದೃಶ್ಯವೊಂದಿದೆ. ಅಳು ನಿಜವಾಗಿ ಬರಲಿ ಎಂದು ನಿರ್ದೇಶಕ ಅದನ್ನು ತೆಗೆಯುವ ಪ್ರತಿ ಸಲವೂ ಆ ನಟಿಯನ್ನು ಮರೆಗೆ ಕರೆದೊಯ್ದು ಹೊಡೆಯುತ್ತಿದ್ದನಂತೆ. ಎಷ್ಟೋ ವರ್ಷಗಳ ಮೇಲೆ ಅವಳೇ ಬಾಯಿಬಿಟ್ಟು ಹೇಳಿಕೊಂಡಿದ್ದಳು.

“ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ ದೃಶ್ಯ, ಬುದ್ಧಿ. ಹತ್ತು ಸಲ ನೋಡಿದ್ದೀನಿ, ಹತ್ತು ಸಲವೂ ಅತ್ತಿದ್ದೀನಿ. ಈಗ ಊಟ ಸೇರ್ತಿಲ್ಲ. ತೋರಿಸಿದರೆ ತಪ್ಪು ಮಾಡಿದ ಹಾಗೆ. ತೋರಿಸದೇ ಇದ್ದರೆ ಅಂಥ ಸಿನಿಮಾ ಹುಡುಗರಿಗೆ ತಪ್ಪಿಹೋಗುತ್ತೆ. ನಾನು ಇಷ್ಟು ವರ್ಷ ಅತ್ತದ್ದು ಏನು ಹಾಗಾದರೆ? ನನ್ನ ಕೈಗೂ ಕೊಳೆ ಅಂಟಿತೇ?”

ಗುರುಗಳು ಅವನ ಕೈಯಲ್ಲಿದ್ದ ಪೊರಕೆಯನ್ನು ತೆಗೆದು ಮೂಲೆಗಿಟ್ಟು, ಕುಳಿತುಕೊಳ್ಳಲು ಹೇಳಿ ಕತೆ ಶುರುಮಾಡಿದರು.

ಒಂದು ಊರಿಗೆ ವರ್ಷಕ್ಕೊಮ್ಮೆ ತೊಗಲುಗೊಂಬೆಯ ಮೇಳ ಬರುತ್ತಿತ್ತು. ಆ ಊರಿನಲ್ಲಿ ಒಬ್ಬ ನೇಕಾರನಿದ್ದ. ಆಟಕ್ಕೆ ಬೇಕಾದ ಬಿಳಿಯ ಪರದೆಯನ್ನು ಅವನೇ ನೇಯ್ದು ಕೊಡಬೇಕು. ಅದು ಅವನ ಅಜ್ಜನ ಕಾಲದಿಂದ ಬಂದ ಸೇವೆ. ಪ್ರತಿ ವರ್ಷವೂ ಹೊಸ ಪರದೆ. ಆಟ ಮುಗಿದ ಮೇಲೆ ಪರದೆ ಮತ್ತೆ ನೇಕಾರನ ಮನೆಗೆ ಬರುತ್ತಿತ್ತು. ಅವನು ಅದನ್ನು ಒಗೆದು, ತುಂಡು ಮಾಡಿ, ಊರಿನ ಬಾಣಂತಿಯರಿಗೆ ಕೊಡುತ್ತಿದ್ದ. ಆ ಬಟ್ಟೆಯಲ್ಲಿ ಸುತ್ತಿದ ಕೂಸಿಗೆ ದೃಷ್ಟಿ ತಾಗುವುದಿಲ್ಲವೆಂದು ಊರವರು ನಂಬಿದ್ದರು.

ಪರದೆಯ ಹಿಂದೆ ಮೇಳದ ಯಜಮಾನ ಗೊಂಬೆ ಆಡಿಸುತ್ತಿದ್ದ. ಅವನ ಪಕ್ಕದಲ್ಲಿ ಒಬ್ಬ ಹೆಂಗಸು ಎಣ್ಣೆಯ ದೀಪ ಹಿಡಿದು ಕೂರುತ್ತಿದ್ದಳು. ಹೆಣ್ಣು ಗೊಂಬೆಗಳಿಗೆಲ್ಲ ದನಿ ಅವಳದೇ. ಊರವರು ಅವಳನ್ನು ದೀಪದವಳು ಎನ್ನುತ್ತಿದ್ದರು. ಯಜಮಾನ ಬಂದರೆ ಎದ್ದು ನಿಲ್ಲುತ್ತಿದ್ದರು, ಅವನಿಗೆ ಹಾಲು ತುಪ್ಪ ಕೊಡುತ್ತಿದ್ದರು.

ಆಟದಲ್ಲಿ ಒಬ್ಬ ರಾಣಿಯ ಕತೆ ಇತ್ತು. ಹೊಳೆ ದಾಟುವಾಗ ಅವಳ ಕೂಸು ನೀರುಪಾಲಾಗುತ್ತದೆ. ರಾಣಿ ದಡದಲ್ಲಿ ಕುಳಿತು ಅಳುತ್ತಾಳೆ. ಜನ ಅದನ್ನು ಎಷ್ಟೋ ವರ್ಷ ಎಲೆ ಅಡಿಕೆ ಮೆಲ್ಲುತ್ತ ನೋಡಿದ್ದರು. ಒಂದು ವರ್ಷ ಮಾತ್ರ ಬೇರೆಯಾಯಿತು. ರಾಣಿ ಬಾಯಿ ತೆರೆದಳು. ಆ ಕೂಗು ಕೇಳಿ ಜನರ ಮೈ ಜುಮ್ಮೆಂದಿತು. ಪರದೆಯ ಮೇಲೆ ರಾಣಿಯ ಮೈ ಗಡಗಡ ನಡುಗಿತು. ತೊಗಲಿನ ಗೊಂಬೆ ಹಾಗೆ ನಡುಗಿದ್ದನ್ನು ಅವರು ಹಿಂದೆಂದೂ ನೋಡಿರಲಿಲ್ಲ. ಯಜಮಾನನ ಕೈಚಳಕ ಎಂದುಕೊಂಡರು. ಗಂಡಸರೂ ಅತ್ತರು. ನೇಕಾರ ಕುಳಿತಲ್ಲಿಂದ ಎದ್ದು “ಇನ್ನೊಂದ್ಸಲ” ಎಂದು ಕೂಗಿದ. ಅವನ ಹಿಂದೆ ಊರೇ ಕೂಗಿತು.

ಮರುವರ್ಷವೂ ರಾಣಿ ಹಾಗೆಯೇ ಅತ್ತಳು. ಅದರ ಮರುವರ್ಷವೂ ಅತ್ತಳು. ಜನ ಎರಡು ಸಲ, ಮೂರು ಸಲ ಕೇಳತೊಡಗಿದರು. ಮೇಳದ ಹೆಸರು ಸುತ್ತಲ ಊರುಗಳಿಗೆಲ್ಲ ಹಬ್ಬಿತು.

ನಾಲ್ಕನೆಯ ವರ್ಷ ಪರದೆ ಎಂದಿನಂತೆ ನೇಕಾರನ ಮನೆಗೆ ಬಂತು. ನೇಕಾರರ ಕಣ್ಣು ಬೇರೆ, ಮರುಳಸಿದ್ಧ. ನೀನು ಸೀರೆ ಕೊಳ್ಳುವಾಗ ಮುಂಬದಿ ನೋಡುತ್ತೀಯೆ. ಅವರು ಹಿಂಬದಿ ತಿರುವಿ ನೋಡುತ್ತಾರೆ. ಎಳೆ ಎಲ್ಲಿ ತಪ್ಪಿದೆ, ಗಂಟು ಎಲ್ಲಿ ಬಿದ್ದಿದೆ ಎಂದು ಹಿಂಬದಿಯೇ ಹೇಳುತ್ತದೆ. ಆ ದಿನ ಅವನು ಪರದೆಯನ್ನು ತಿರುವಿ ಹಾಸಿದ. ದೀಪದ ಮಟ್ಟದಲ್ಲಿ ಒಂದು ಅಂಗೈ ಗುರುತು ಇತ್ತು. ಎಣ್ಣೆಯದು, ಮಸಿಯದು. ಬೆರಳುಗಳು ಬಟ್ಟೆಯನ್ನು ಹಿಡಿದು ಹಿಂಡಿದಂತಿದ್ದವು. ಅದರ ಪಕ್ಕದಲ್ಲಿ ಇನ್ನೊಂದು, ಮತ್ತೊಂದು, ಮಗದೊಂದು. ಒಟ್ಟು ನಾಲ್ಕು.

ಹಿಂದಿನ ವರ್ಷಗಳಲ್ಲಿಯೂ ಅಲ್ಲಿ ಜಿಡ್ಡು ಇತ್ತೆಂಬುದು ಅವನಿಗೆ ನೆನಪಾಯಿತು. ಎಣ್ಣೆ ಚೆಲ್ಲಿರಬೇಕೆಂದು ಸೀಗೆ ಹಾಕಿ ತಿಕ್ಕಿದ್ದ. ಈ ಸಲ ಕೈ ಏಳಲಿಲ್ಲ. ಹಿಂದಿನ ಸಂಜೆ ರಾಣಿ ಒಮ್ಮೆ ಅತ್ತಿದ್ದಳು. ಜನ ಇನ್ನೂ ಮೂರು ಸಲ ಕೇಳಿದ್ದರು. ನೇಕಾರ ಹಾಗೇ ನೆಲದ ಮೇಲೆ ಕುಳಿತುಬಿಟ್ಟ. 

ಮೇಳ ಗಾಡಿ ಕಟ್ಟುತ್ತಿತ್ತು. ನೇಕಾರ ಓಡಿಹೋದ. ದೀಪದವಳು ಬಾವಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಸೆರಗು ಜಾರಿ ಮುಂಗೈ ಕಾಣುತ್ತಿತ್ತು. ಅದರ ತುಂಬ ಸುಟ್ಟ ಕಲೆಗಳು. ಕೆಲವು ಹಳೆಯವು, ನಾಲ್ಕು ಹಸಿಯವು.

“ಇದೇನು ತಾಯಿ?” ಎಂದ ನೇಕಾರ.

ಅವಳು ಗಾಡಿಯ ಕಡೆ ನೋಡಿ ಸೆರಗು ಎಳೆದುಕೊಂಡಳು. “ಮೊದಲ ವರ್ಷ ದೀಪ ವಾಲಿ ಕಾದ ಎಣ್ಣೆ ಬಿತ್ತು, ಕಿರಚಿಕೊಂಡೆ. ನೀವೆಲ್ಲ ಮೆಚ್ಚಿಕೊಂಡ್ರಿ. ಈಗ ಯಜಮಾನರು ಬತ್ತಿ ಸರಿಸೋ ಕಬ್ಬಿಣದ ಕಡ್ಡಿ ಕಾಯಿಸಿ ಕೈಗೆ ಇಡ್ತಾರೆ. ಒಂದ್ಸಲ ಆದ್ರೆ ತಡ್ಕೋತೀನಿ ಅಣ್ಣಯ್ಯ. ನೀವು ಇನ್ನೊಂದ್ಸಲ ಅಂದಾಗ್ಲೇ ಕಷ್ಟ.”

“ಮುಂದಿನ ವರ್ಷ ಹಿಂಗಾಗಕ್ಕೆ ಬಿಡಲ್ಲ ತಾಯಿ. ಏನಾದರೂ ಮಾಡ್ತೀನಿ” ಎಂದ ನೇಕಾರ. ಗಾಡಿಯಿಂದ ಯಜಮಾನ ಕೂಗಿದ. ಅವಳು ಪಾತ್ರೆ ಎತ್ತಿಕೊಂಡು ಹೊರಟುಹೋದಳು.

ಆ ವರ್ಷ ನೇಕಾರನಿಗೆ ನೆಮ್ಮದಿ ಎಂಬುದು ಇರಲಿಲ್ಲ. ಮಗ್ಗದ ಮುಂದೆ ಕುಳಿತರೆ ಎಳೆ ಕಡಿಯುತ್ತಿತ್ತು. ಮೊದಲು ಕೂಗಿದವನು ನಾನೇ ಎಂದು ನೆನಪಾದರೆ ಬೆವರುತ್ತಿದ್ದ. ಬಾಣಂತಿಯೊಬ್ಬಳ ತಾಯಿ ಬಟ್ಟೆ ಕೇಳಿಕೊಂಡು ಬಂದಳು. ಕಲೆ ಉಳಿದಿದೆ, ಕೊಡುವುದಿಲ್ಲ ಎಂದ. ಅವಳು ಪರದೆಯನ್ನು ತಿರುವಿ ನೋಡಿ, “ಈ ಕಡೆ ಬೆಳ್ಳಗಿದೆಯಲ್ಲಪ್ಪ, ಆ ಕಡೆ ಯಾರು ನೋಡ್ತಾರೆ” ಎಂದು ತಾನೇ ಹರಿದುಕೊಂಡು ಹೋದಳು. ಆ ಕೂಸು ಬಟ್ಟೆಯಲ್ಲಿ ಸುಖವಾಗಿ ಮಲಗಿತು. ಅದನ್ನು ಕಂಡಾಗಲೆಲ್ಲ ನೇಕಾರ ಮುಖ ತಿರುಗಿಸಿಕೊಂಡು ನಡೆಯುತ್ತಿದ್ದ.

ಮೇಳ ಬರುವ ದಿನ ಹತ್ತಿರವಾಯಿತು. ನೇಕಾರ ಉಳಿದ ಪರದೆಯನ್ನು ಅರಳಿಕಟ್ಟೆಗೆ ತಂದು, ಹಿಂಬದಿ ಮೇಲೆ ಮಾಡಿ ಹಾಸಿ, ನಡೆದದ್ದನ್ನೆಲ್ಲ ಹೇಳಿದ. ಊರವರು ದಂಗಾದರು. ಕೆಲವರು ಕಣ್ಣೊರೆಸಿಕೊಂಡರು. ಆಮೇಲೆ ಚರ್ಚೆ ಶುರುವಾಯಿತು.

ಒಬ್ಬ ವ್ಯಾಪಾರಿ ಹೇಳಿದ: ಆಟ ಬೇರೆ, ಆಡಿಸುವವನು ಬೇರೆ, ರಾಣಿ ಏನು ತಪ್ಪು ಮಾಡಿದ್ದಾಳೆ? ಒಬ್ಬ ರೈತ ಹೇಳಿದ: ಅಂಥವನ ನೆರಳೂ ನಮ್ಮೂರಿನ ಬಟ್ಟೆಯ ಮೇಲೆ ಬೀಳಬಾರದು. ನಾವು ಹಿಂದೆ ಅತ್ತದ್ದು ಪುಣ್ಯಕ್ಕೆ ಸೇರಿತೋ ಪಾಪಕ್ಕೆ ಸೇರಿತೋ ಎಂದು ಒಬ್ಬ ಮುದುಕ ಕೇಳಿದ. ಅದೊಂದಕ್ಕೇ ಒಂದು ದಿನ ಹಿಡಿಯಿತು. ಗೊಂಬೆಗಳನ್ನು ಸುಡಬೇಕೆಂದವರು ಇದ್ದರು. ಗೊಂಬೆ ದೇವರ ಸಮಾನ ಎಂದವರೂ ಇದ್ದರು. ನಗಬೇಡ, ಮರುಳಸಿದ್ಧ. ಎಲ್ಲರೂ ಒಳ್ಳೆಯ ಜನರೇ. ಎಲ್ಲರ ಮನಸ್ಸೂ ನಿಜವಾಗಿಯೇ ನೊಂದಿತ್ತು. ಮೂರು ದಿನ ಮಾತಾಡಿದರು. ಅಷ್ಟರಲ್ಲಿ ಮೇಳ ಬಂದು ಊರ ಹೊರಗಿನ ಛತ್ರದಲ್ಲಿ ಇಳಿದಿತ್ತು. ಅರಳಿಕಟ್ಟೆಯಿಂದ ಛತ್ರಕ್ಕೆ ಕೂಗಳತೆ. ಅಲ್ಲಿಗೆ ಯಾರೂ ಹೋಗಲಿಲ್ಲ.

ಕೊನೆಗೆ ಒಂದು ತೀರ್ಮಾನವಾಯಿತು. ನೋಡುವವರು ನೋಡಲಿ, ಬೇಡವೆನ್ನುವವರು ಮನೆಯಲ್ಲಿರಲಿ. ಎಲ್ಲರಿಗೂ ಸಮಾಧಾನವಾಯಿತು. ನೇಕಾರನಿಗೂ ಆಯಿತು. ಪರದೆ ಅಜ್ಜನ ಕಾಲದ ಸೇವೆ, ಅದನ್ನು ತಪ್ಪಿಸಬಾರದು, ಆದರೆ ಆಟಕ್ಕೆ ಮಾತ್ರ ಹೋಗುವುದಿಲ್ಲ ಎಂದು ನಿಶ್ಚಯಿಸಿದ. ಪರದೆಯನ್ನು ಬೇರೆಯವರ ಕೈಯಲ್ಲಿ ಕಳಿಸಿದ. ನನ್ನ ಕೂಗೊಂದು ಕಡಿಮೆಯಾಯಿತಲ್ಲ ಎಂದುಕೊಂಡ.

ಆ ಸಂಜೆ ಅವನು ಬಾಗಿಲು ಹಾಕಿಕೊಂಡು ಮಗ್ಗದ ಗುಂಡಿಯಲ್ಲಿ ಕುಳಿತ. ದೀಪ ಹಚ್ಚುವ ಹೊತ್ತಿಗೆ ಮದ್ದಳೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ರಾಣಿಯ ಅಳು ಕೇಳಿಸಿತು. ನೇಕಾರ ಕಿವಿ ಮುಚ್ಚಿಕೊಂಡ. ಮುಚ್ಚಿದ ಕಿವಿಗೂ ಕೇಳುವಂತೆ ಜನ ಕೂಗಿದರು. ಅವನು ಎಣಿಸಬಾರದೆಂದುಕೊಂಡರೂ ಎಣಿಸಿದ. ಬೆಳಗ್ಗೆ ಪರದೆ ಬಂದಾಗ ಹಿಂಬದಿಯಲ್ಲಿ ಐದು ಗುರುತುಗಳಿದ್ದವು. ಐದನೆಯದರಲ್ಲಿ ಬೆರಳುಗಳು ಇರಲಿಲ್ಲ. ಬಟ್ಟೆಯ ಮೇಲೆ ಜಾರಿ ಹೋದ ಒಂದು ಉದ್ದನೆಯ ಗೀರು ಮಾತ್ರ ಇತ್ತು. ನೇಕಾರ ಬಾವಿಗೆ ಓಡಿದ. ಗಾಡಿಗಳು ಆಗಲೇ ಹೋಗಿದ್ದವು.

ಮರುವರ್ಷ ನೇಕಾರ ಯಾರಿಗೂ ಕಾಯಲಿಲ್ಲ. ಮೇಳ ಬಂದ ದಿನವೇ ಛತ್ರಕ್ಕೆ ಹೋದ. ಈ ಸಲ ಅವಳನ್ನು ಮನೆಗೆ ಕರೆತರುವುದೆಂದು ಹೆಂಡತಿಗೆ ಹೇಳಿ, ಒಂದು ಚಾಪೆ ಹೆಚ್ಚಿಗೆ ಹಾಕಿಸಿ ಬಂದಿದ್ದ. ಅಲ್ಲಿ ದೀಪ ಒರೆಸುತ್ತ ಬೇರೆ ಒಬ್ಬಳು ಕುಳಿತಿದ್ದಳು. ಚಿಕ್ಕ ವಯಸ್ಸಿನವಳು. ಅವಳ ಮುಂಗೈಯಲ್ಲಿ ಇನ್ನೂ ಕಲೆ ಇರಲಿಲ್ಲ.

ನೇಕಾರ “ಆ ಹೆಣ್ಣುಮಗಳು ಎಲ್ಲಿ?” ಎಂದು ಯಜಮಾನನನ್ನು ಕೇಳಿದ.

“ಯಾರು?” ಎಂದ ಯಜಮಾನ.

ನೇಕಾರ ಬಾಯಿ ತೆರೆದ. ಎಷ್ಟೋ ವರ್ಷ ಅವಳ ದನಿ ಕೇಳಿದ್ದ, ಅವಳ ಬೆರಳುಗಳನ್ನು ಒಂದೊಂದಾಗಿ ಗುರುತು ಹಿಡಿಯಬಲ್ಲವನಾಗಿದ್ದ. ಹೇಳಲು ಬೇರೆ ಏನೂ ತೋಚಲಿಲ್ಲ. “ದೀಪದವಳು” ಎಂದ.

“ಇಲ್ಲೇ ಇದ್ದಾಳಲ್ಲ” ಎಂದು ಯಜಮಾನ ಹೊಸಬಳನ್ನು ತೋರಿಸಿದ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನ ಮುಖದಲ್ಲಿ ಕಳವಳ ಹಾಗೆಯೇ ಇತ್ತು.

“ನನಗೆ ಇನ್ನೂ ಗೊತ್ತಾಗಲಿಲ್ಲ, ಬುದ್ಧಿ” ಎಂದ. “ಹಾಗಾದರೆ ನೇಕಾರ ಆಟ ನೋಡಬೇಕಿತ್ತೇ, ನೋಡಬಾರದಿತ್ತೇ? ಭಾನುವಾರ ನಾನು ಏನು ಮಾಡಲಿ?”

“ನಿರ್ದೇಶಕನ ಹೆಸರು ಹೇಳಿದೆ, ಹನ್ನೊಂದು ಚಿತ್ರಗಳ ಹೆಸರು ಹೇಳಿದೆ, ಆ ನಟಿಯ ಹೆಸರೇನು, ಮರುಳಸಿದ್ಧ?” ಎಂದರು ಗುರುಗಳು.